ಕಂಬ ನಲವತ್ತೇಳು

ಧಣಿಗಳು (ಇಲ್ಲಿ ಬಾಬಾ, ಮಾಮಾ ಎನ್ನಬೇಕು)
ಮಕ್ಕಳ ಸಮೇತ ಇಸ್ತಾಂಬುಲಿಗೆ ಹೋದರು.
ಕಾರಿನ ಕೀಲಿ ಅಜ್ಜಿಯ ದಿಂಬಿನಡಿ.
ಹೀಗೆ ಲಿಗೋರಿಗೆ ಒಂದು ಶುಕ್ರವಾರ ಸಿಕ್ಕಿತು,
ಇಡಿಯದು, ಎಲ್ಲೂ ಮುಕ್ಕಾಗದ್ದು.

ನನ್ನ ಹಲ್ಲಿನ ಆಸ್ಪತ್ರೆಗೂ ಅಂದು ಬೀಗ.
ಹಾಸ್ಟೆಲಿನ ಮೆಟ್ಟಿಲಲ್ಲಿ ನಿಂತಿದ್ದ, ಇಸ್ತ್ರಿಯ ಅಂಗಿ.
ಕೀಲಿಗೊಂಚಲಿಲ್ಲದ ಕೈಯನ್ನು
ಎಲ್ಲಿಡಬೇಕೆಂದು ತಿಳಿಯದೆ
ಕೊನೆಗೆ ನನ್ನ ಕೈಯಲ್ಲಿಟ್ಟ.

ಬಸ್ಸು. ಕಿಟಕಿಯ ಪಕ್ಕ ನಾನು.
ಸಿಗ್ನಲ್ಲು ಕೆಂಪಾಗುವ ಮೊದಲೇ
ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು.
"ಏನದು?" ಎಂದೆ.
"ಇವನು ಬ್ರೇಕು ತಡವಾಗಿ ಹಿಡೀತಾನೆ."
ಸಾಲ್ಮಿಯಾದಿಂದ ಸಮುದ್ರದ ಅಂಚಿನುದ್ದಕ್ಕೂ
ಬಸ್ಸನ್ನು ಅವನೇ ಓಡಿಸಿದ.

ಗೋಪುರಕ್ಕೆ ತಲೆಗೆ ಮೂರು ದಿನಾರ್.
"ಬೇಡ, ಕೆಳಗಿಂದಲೂ ಕಾಣ್ತದೆ."
"ಹನ್ನೊಂದು ವರ್ಷ ಕೆಳಗಿಂದಲೇ ಕಂಡಿದ್ದೇನೆ" ಅಂದ.
ನೀಲಿ ಬಿಲ್ಲೆ ಮೆತ್ತಿದ ಆ ದೊಡ್ಡ ಉಂಡೆಯ ಹೊಟ್ಟೆಯಲ್ಲಿ
ಗಾಜಿಗೆ ಹಣೆಯೊತ್ತಿ ನಾನು ಕಡಲು ನೋಡಿದೆ.
ಕುವೈತ್ ತಿರುಗಿ ಬಂದು ಎದುರು ನಿಂತಾಗ
ಅವನು ಬೆರಳು ಮಾಡಿದ:
ಅಲ್ಲಿ ಅಜ್ಜಿಯ ಡಯಾಲಿಸಿಸ್ಸು, ನೆರಳಿಲ್ಲ.
ಅಲ್ಲಿ ಸಣ್ಣವಳ ಪಿಯಾನೋ, ಮುಕ್ಕಾಲು ಗಂಟೆ, ಒಂದು ಬೋರೆ ಮರ.
ಅಲ್ಲಿ ಮದುವೆ ಹಾಲು, ಬೆಳಗಿನ ಜಾವದ ತನಕ;
ಹಿಂಬದಿಗೆ ಹೋದರೆ ಅಡುಗೆಯವರು ಮಜ್ಬೂಸ್ ಕೊಡುತ್ತಾರೆ.

ಮುಬಾರಕಿಯಾ ಪೇಟೆ. ಒಣ ನಿಂಬೆ, ಕೇಸರಿ,
ಖರ್ಜೂರದ ರಾಶಿಯ ಮೇಲೆ ಕಡಜ.
ಬಂಗಾರದಂಗಡಿಯ ಗಾಜಿನೊಳಗೆ ಸೊಂಟದವರೆಗಿನ ಹಾರ.
"ಇದನ್ನು ಹಾಕ್ಕೊಂಡು ಬಗ್ಗಿ ನೆಲ ಒರೆಸೋದು ಹೇಗೆ?"
ಅವನು ನಗಲಿಲ್ಲ. ಒಳಗೆ ಹೋಗಿ ತೂಕ ಕೇಳಿ ಬಂದ.
ಆಮೇಲೆ ತುಂಬ ಹೊತ್ತು ಚೌಕಾಸಿ ಮಾಡಿ
ನನಗೊಂದು ಜೊತೆ ಚಪ್ಪಲಿ ಕೊಂಡ.

ಊಟಕ್ಕೆ ಹೊಗೆಯ ಕೆಳಗಿನ ಪ್ಲಾಸ್ಟಿಕ್ ಮೇಜು.
ಸುಟ್ಟ ಝುಬೈದಿ. ಅದು ನಮ್ಮ ಮಾಂಜಿಯೇ,
ಇಲ್ಲಿ ಬೇರೆ ಹೆಸರಿನ ವೀಸಾದಲ್ಲಿದೆ, ಅಷ್ಟೆ.
ತಟ್ಟೆಗಿಂತ ಅಗಲದ ರೊಟ್ಟಿ, ಬಿಟ್ಟಿ ಸೊಪ್ಪು, ಉಪ್ಪಿನ ಮೂಲಂಗಿ.
ಅವನು ಮುಳ್ಳು ಬಿಡಿಸಿ ನನ್ನ ಕಡೆ ಸರಿಸಿದ,
ನಾನು ಅವನ ಕಡೆ.
ನಡುವೆ ಮೀನು ಗುಡ್ಡೆಯಾಯಿತು.
ಬೆಕ್ಕೊಂದು ಕಾಲಿಗೆ ಉಜ್ಜುತ್ತ ನ್ಯಾಯ ಕೇಳಿತು.

ಸಂಜೆ ಮಾಲು. "ಇಲ್ಲಿಗಂತೂ ಕಣ್ಣುಮುಚ್ಚಿ ಬರ್ತೇನೆ" ಅಂದವನು
ಒಳಗೆ ಕಾಲಿಟ್ಟದ್ದೇ ನಿಂತುಬಿಟ್ಟ.
ಮೇಲೆ ಗಾಜಿನ ಆಕಾಶ,
ನಾಲ್ಕು ದಿಕ್ಕಿಗೂ ಒಂದೇ ಹೊಳಪು.
ವಾರಕ್ಕೆ ಮೂರು ಸಲ, ಹನ್ನೊಂದು ವರ್ಷ,
ಅವನಿಗೆ ಗೊತ್ತಿದ್ದದ್ದು ಬಾಗಿಲ ತನಕ.
ನಕ್ಷೆಯನ್ನು ನಾನೇ ಓದಿದೆ. "ಬಾ" ಅಂದೆ.
ಸುಗಂಧ ಹಚ್ಚಿಸಿಕೊಂಡೆವು, ಕೊಳ್ಳಲಿಲ್ಲ.
ಐಸ್‌ಕ್ರೀಮು ಒಂದು, ಚಮಚ ಎರಡು.

ಆಮೇಲೆ ಮೆಲ್ಲಗೆ, "ಕೆಳಗೆ ಹೋಗುವನಾ?"

ಬೇಸ್‌ಮೆಂಟು ಎರಡು. ಕಂಬ ನಲವತ್ತೇಳು.
ಅಲ್ಲಿ ಅವನ ನಡಿಗೆಯೇ ಬೇರೆಯಾಯಿತು.
ಟೊಮೆಟೊ ಪೆಟ್ಟಿಗೆ ಬೋರಲು ಹಾಕಿ ಕೂತವರು,
ಕಡಪದ ಸುಬ್ಬರಾಯುಡು, ಸಿಲ್ಹೆಟಿನ ಮೊಫಿಜ್,
ಇನ್ನೊಬ್ಬ, ಹೆಸರು ಹೇಳಿದ, ಮರೆತೆ,
ಎದ್ದು ನಿಂತರು. "ಭಾಭೀ" ಅಂದರು.
ಒಬ್ಬ ಪೆಟ್ಟಿಗೆಗೆ ಕರವಸ್ತ್ರ ಹಾಸಿದ.
ಒಬ್ಬ ಫ್ಲಾಸ್ಕಿನ ಮುಚ್ಚಳ ತೊಳೆದು, ಮತ್ತೆ ತೊಳೆದು
ಚಹಾ ಸುರಿದ. ಏಲಕ್ಕಿ ಹೆಚ್ಚಾಗಿತ್ತು.
ಎರಡು ಸಲ ಕೇಳಿ ಕುಡಿದೆ.

ಕಂಬದಲ್ಲಿ, ಕೂತರೆ ಬೆನ್ನು ತಾಗುವ ಎತ್ತರದಲ್ಲಿ,
ಬಣ್ಣ ಸವೆದಿತ್ತು.
"ನಿನಗೆ ಫೋನು ಮಾಡೋದು ಇಲ್ಲಿಂದಲೇ."
ಅವನ ಮಾತಿನ ಹಿಂದೆ ದಿನವೂ ಕೇಳುತ್ತಿದ್ದ ಪೀಂ ಪೀಂ
ಹಿಂದಕ್ಕೆ ಸರಿವ ಕಾರುಗಳದ್ದಂತೆ.
ನಾನು ಯಾವುದೋ ಹಕ್ಕಿ ಅಂದುಕೊಂಡಿದ್ದೆ.

ಎಂಟೂವರೆ. ರಾತ್ರಿ ಎರಡಕ್ಕೆ ಅವರ ವಿಮಾನ.
ಅಜ್ಜಿ ಕೀಲಿ ಕೊಡುತ್ತಾಳೆ, ಗಾಡಿ ತೊಳೆಯಬೇಕು.
ಅವನಿಗೆ ಒಂದು ಬಸ್ಸು, ನನಗೆ ಇನ್ನೊಂದು.
ಮಡಿಲಲ್ಲಿ ಚಪ್ಪಲಿ, ಅದರ ಮೇಲೆ ಉಳಿದ ಅರ್ಧ ರೊಟ್ಟಿ.
ದೂರದಲ್ಲಿ ಸಿಗ್ನಲ್ಲು ಹಳದಿಯಾಯಿತು.
ಡ್ರೈವರ್ ನೋಡಿದನೋ ಇಲ್ಲವೋ,
ನನ್ನ ಬಲಗಾಲು
ನೆಲವನ್ನು ಒತ್ತಿತು.