ಕ್ರಮಸಂಖ್ಯೆ ಮೂರು

ಶಿರಿಯದ ಅಳಿವೆ ಬದಿಯಲ್ಲಿ, ಮೀನುಗಾರರ ಸಂಘದ
ಹಳೇ ಐಸು ಗೋದಾಮಿನೊಳಗೆ
ನನಗೊಂದು ಕೆಲಸ ಉಂಟು:
ಚೀಟಿ ಬರೆಯುವುದು.

ಕ್ರಮಸಂಖ್ಯೆ ಒಂದು. ಹಲಗೆ. ಆರು ಮುಕ್ಕಾಲು ಅಡಿ.
ಹಳದಿಯಿತ್ತಂತೆ, ಈಗ ಮುದಿ ಹಲ್ಲಿನ ಬಣ್ಣ.
ಯಾವುದೋ ದೇಶದ ಹುಡುಗ, ಪೀಟರನೋ ಪೇತ್ರನೋ,
ಮೂರು ತಿಂಗಳ ಚಾಯ, ಗೋಳಿಬಜೆಯ ಲೆಕ್ಕಕ್ಕೆ
ಬಿಟ್ಟುಹೋದದ್ದು. ಬೀಫಾತಿಮ್ಮ ಅದರ ಮೇಲೆ
ಇಪ್ಪತ್ತೆರಡು ಬೇಸಿಗೆ ನಂಗು ಒಣಗಿಸಿದಳು.
ಕೊಡುವಾಗ ಹೇಳಿದಳು, "ತೊಳೆಯಬೇಡ ಮೋಳೇ,
ವಾಸನೆಯೂ ಅದರದ್ದೇ."

ಕ್ರಮಸಂಖ್ಯೆ ಎರಡು. ಇದೂ ಹಲಗೆಯೇ,
ಹಳದಿಯವನಿಗಿಂತ ಎಷ್ಟೋ ಮೊದಲಿನದು.
ಒಡೆದ ದೋಣಿಯ ಪಕ್ಕೆಯಿಂದ ಕಿತ್ತ ಹೆಬ್ಬಲಸು,
ಹುಬ್ಬಿನ ಹಾಗೆ ಬಾಗಿದೆ.
ಅಂಚಿನಲ್ಲಿ ಸಾಲು ತೂತು, ಹಗ್ಗ ಹೊಲಿದ ಗುರುತು.
ಕಾಲು ಜಾರದಿರಲು ಹಲಸಿನ ಮಯಣ ಸವರುತ್ತಿದ್ದರು;
ಒಂದು ಮೂಲೆಯಲ್ಲಿ ಇನ್ನೂ ಕಪ್ಪಗೆ ಅಂಟಿಕೊಂಡಿದೆ,
ಅದರೊಳಗೊಂದು ಇರುವೆ, ಆ ಕಾಲದ್ದು.

"ಈ ಆಟಕ್ಕೆ ನೀವೆಲ್ಲ ಎಂತ ಹೇಳುತ್ತಿದ್ದಿರಿ?"
ಪೆನ್ನು ಹಿಡಿದು ಕೇಳಿದೆ.
ಲೋಕು ಕರ್ಕೇರರಿಗೆ ನಗು. ಎಂಬತ್ತೊಂದು ವಯಸ್ಸು,
ನಕ್ಕರೆ ಕೆಮ್ಮು ಜೊತೆಗೇ ಬರುತ್ತದೆ.
"ಆಟಕ್ಕೆ ಎಂತ ಹೆಸರು ಮಾರಾಯ್ತಿ?
ಅಮ್ಮ ಬಡಿಗೆ ಹಿಡಿದು ಬಂದಾಗ ಮಾತ್ರ ಹೆಸರು:
ಪುನಃ ತೆರೆ ಹತ್ತಿದೆಯಾ, ಅಂತ."

ಬರೆದುಕೊಂಡೆ. ತೆರೆ ಹತ್ತುವುದು.
ಮರ ಹತ್ತಿದ ಹಾಗೆ, ಕುಂಬಳೆಯ ಬಸ್ಸು ಹತ್ತಿದ ಹಾಗೆ.
ಆಚೆ ಮನೆಯ ಮಲಯಾಳದಲ್ಲಿ ತಿರ. ನಮ್ಮಲ್ಲಿ ತೆರೆ
ಪರದೆಯೂ ಹೌದು,
ಬಾಗಿಲ ಮುಂದೆ ನಿಂತು ಕೂಗುವ ಮಾತೂ ಹೌದು.
ಮುಚ್ಚುವುದೂ ಅದೇ, ಬಿಚ್ಚುವುದೂ ಅದೇ,
ಎದ್ದು, ಬಿದ್ದು, ಮರಳಿಗೆ ಇಂಗುವುದೂ.
ಚೀಟಿಯಲ್ಲಿ ಅಷ್ಟಕ್ಕೆಲ್ಲ ಜಾಗವಿಲ್ಲ.

ಕ್ರಮಸಂಖ್ಯೆ ಮೂರು ಖಾಲಿ.
ಅದು ಆ ತೆರೆಗೆಂದು ಬಿಟ್ಟ ಸ್ಥಳ.
ಅಳಿವೆಯ ತೆಂಕು ಮಗ್ಗುಲಲ್ಲಿ ಮರಳ ದಿಬ್ಬವೊಂದಿತ್ತು;
ಅದರ ಬೆನ್ನೇರಿ, ಯಾರೋ ಚಾಪೆ ಬಿಡಿಸಿದಂತೆ
ಸುರುಳಿ ಬಿಚ್ಚುತ್ತ ಬಿಚ್ಚುತ್ತ
ನೂರು ಮಾರು ಬರುತ್ತಿತ್ತಂತೆ, ಒಂದೇ ಉಸಿರಿಗೆ.
ಆಮೇಲೆ ಲಾರಿಯಲ್ಲಿ ಕಗ್ಗಲ್ಲು ಬಂತು.
ತಡೆಗೋಡೆ ಎದ್ದಿತು, ದಿಬ್ಬ ಕರಗಿತು.
ಹನ್ನೊಂದು ಮನೆ ಉಳಿಯಿತು.
ಅದನ್ನೂ ಬರೆಯಬೇಕು: ಒಂದು ನನ್ನದು.
ಈಗ ನೀರು ಬರುತ್ತದೆ, ಕಲ್ಲಿಗೆ ಹಣೆ ಚಚ್ಚಿ
ಹಿಂದೆ ಹೋಗುತ್ತದೆ.
ರಾತ್ರಿ ಗೋಡೆಯಾಚೆ ಆ ಸದ್ದು ಕೇಳುತ್ತ
ನಾನು ಚೆನ್ನಾಗಿಯೇ ನಿದ್ದೆ ಮಾಡುತ್ತೇನೆ.

"ಹೇಗಿತ್ತು ಅದು?" ಎಂದು ಕೇಳಿದವಳು ಆಶುರಾ,
ಬೀಫಾತಿಮ್ಮನ ಮೊಮ್ಮಗಳು, ಆರನೇ ಕ್ಲಾಸು.
ಹೇಳಲಿಲ್ಲ ಲೋಕಣ್ಣ. ಲುಂಗಿ ಮೇಲೆತ್ತಿ ಕಟ್ಟಿ
ಎರಡನೇ ನಂಬರನ್ನು ಸಿಮೆಂಟು ನೆಲಕ್ಕಿಳಿಸಿ
ಅದರ ಮೇಲೆ ಕವುಚಿ ಮಲಗಿದರು.
ಮುಟ್ಟಬಾರದು ಎಂಬ ಚೀಟಿ ನಾನೇ ಬರೆದದ್ದು,
ಸುಮ್ಮನಿದ್ದೆ.
ಕೈಯಿಂದ ನೆಲ ತೋಡಿದರು. ಕತ್ತು ಹೊರಳಿಸಿ
ಹಿಂದೆ ನೋಡಿದರು, ಐಸಿನ ಲೆಕ್ಕ ಗೀಚಿದ ಗೋಡೆಯತ್ತ.
"ಇದಲ್ಲ," ಎಂದರು. ಕಾದರು.
"ಇದೂ ಅಲ್ಲ."
ಫ್ಯಾನು ಮೂರು ಸುತ್ತು ತಿರುಗಿರಬೇಕು.
ಒಮ್ಮೆಲೇ ಮೊಣಕಾಲು ಲಟಕ್ಕೆಂದಿತು,
ಒಂದು ಪಾದ, ಮತ್ತೊಂದು,
ನಿಂತರು. ಎಡಕ್ಕೆ ವಾಲಿ,
ಮಗುವಿನ ತಲೆ ನೇವರಿಸುವಂತೆ ಒಂದು ಕೈ ಕೆಳಗೆ.
ಕಾಲಿನ ಬೆರಳುಗಳು
ನಮಗೆ ಕಾಣದ ಏನನ್ನೋ ಹಿಡಿದುಕೊಂಡಿದ್ದವು.

"ದಡ ಬಂತು," ಎಂದು ಇಳಿದರು. "ಚಾಯ ಉಂಟಾ?"

ವಾಚನಾಲಯದಲ್ಲಿ ಹನ್ನೆರಡು ವರ್ಷ ದುಡಿದವಳು ನಾನು.
ಅಭ್ಯಾಸ ಬಲದಿಂದ ಚೀಟಿ ತೆಗೆದು ಬರೆದೆ:
ಮೂರು. ತೆರೆ. ಹೊರಗೆ ಹೋಗಿದೆ.
ಪಡೆದವರ ಸಹಿ, ಮರಳಿಸುವ ದಿನಾಂಕ
ಎರಡೂ ಖಾಲಿ.

ಸ್ಟವ್ ಹಚ್ಚಿ ತಿರುಗಿದರೆ
ಹಲಗೆಯ ಮೇಲೆ ಆಶುರಾ, ಕವುಚಿ,
ಯೂನಿಫಾರ್ಮಿಗೆಲ್ಲ ಧೂಳು,
ಕತ್ತು ಹೊರಳಿಸಿ ಗೋಡೆ ನೋಡುತ್ತಿದ್ದಾಳೆ.
"ಇದಲ್ಲ," ಎಂದಳು.