ಮೂರನೇ ಫೈಲು

ರವಿವಾರ. ಉಣಕಲ್ಲಿನ ನಮ್ಮ ಮನ್ಯಾಗ, ಅಡಿಗಿ ಕಟ್ಟಿ ಮ್ಯಾಲೆ
ಒಂದು ಟಿನ್ನು. ಹಸಿರು ಬಣ್ಣದ್ದು, ಒಂದು ಮಗ್ಗಲು ತಗ್ಗು ಬಿದ್ದದ್ದು.
ನಾಮದೇವ ಕಾಕಾ ಪಲ್ಟಣದ ಹಳೇ ಗೆಳ್ಯಾನ ಕಡಿಂದ ತರಿಸ್ಯಾನ:
‘ಮಟನ್. ಬೇಯಿಸಿದ್ದು. ಬರೇ ಬಿಸಿ ಮಾಡೂದು.’

ಅವ್ವ ಹತ್ರ ಬರಲೊಲ್ಲಳು.
‘ಯಾವ ಊರಾಗ ಕೊಯ್ದದ್ದೋ, ಯಾವ ವಾರ ಕೊಯ್ದದ್ದೋ,
ಅಡಿಗಿ ಮಾಡಿದಾಕಿ ಹೆಸರರ ಬರದಾರೇನು?’
ನಾನು ತಿರುವಿ ಓದ್ತೀನಿ, ನೌಕರಿ ಕಲಿಸಿದ ಚಟ:
ಬ್ಯಾಚ್ ನಂಬರು, ತಯಾರಾದ ತಿಂಗಳು, ಮುಗಿಯೂ ತಿಂಗಳು.
ಹೆಸರಿಲ್ಲ.

ಹಟಕ್ಕ ಬಿದ್ದು ಕಡೀಕ ಅವ್ವನ ಉಂಗುರ ಜಗ್ಗಿದ್ಲು.
ಸಂಧಿವಾತದ ಬೆರಳು, ಹಸಿಶುಂಠಿಯಂಥ ಗಿಣ್ಣು.
ಉಂಗುರ ಕಿತ್ತು ಕೈಗೆ ಬಂತು, ಮುಚ್ಚಳ ಅಲ್ಲೇ ಕುಂತಿತ್ತು.
‘ಇದನ್ನ ಮಾಡಿದಾವಗ ತಾಯಿ ಇದ್ದಿಲ್ಲೇನು?’

ನನಗ ನಗು ಬರಲಿಲ್ಲ.

ಬೇಲೂರ ಇಂಡಸ್ಟ್ರಿ ಏರಿಯಾದಾಗ ನಮ್ಮ ಕಂಪನಿ
ಇಂಥವೇ ಬೆರಳಿಗೆ ಒಂದು ಪೆನ್ನು ಮಾಡಾಕತ್ತಿ ನಾಕು ವರ್ಷ ಆತು.
ಒಳಗ ಔಷಧ, ಸುತ್ತ ಗಾಜು, ಹಿಂದ ಸ್ಪ್ರಿಂಗು, ಮುಂದ ಅಡಗಿದ ಸೂಜಿ.
ತೊಡಿಗೆ ಒತ್ತಿದ್ರ ಟಕ್ ಅಂತೈತಿ, ಹತ್ತು ಎಣಿಸಬೇಕು, ಮತ್ತ ಟಕ್.
ಔಷಧದ ಫೈಲು ನಿಖತ್ ಕಡೆ, ಪೆನ್ನಿನ ಫೈಲು ಶಿರಗುಪ್ಪಿ ಕಡೆ,
ನಡುವ ಒಂದು ಗಾಜಿನ ಗ್ವಾಡಿ, ಒಂದು ಚಹಾದ ಮಷೀನು.
ಔಷಧ ಪಾಸು: ನೀರಿನಂಗ ತಿಳಿ, ಎರಡು ವರ್ಷ ತಡೀತೈತಿ.
ಪೆನ್ನು ಪಾಸು: ಟೇಬಲ್ ಮ್ಯಾಲಿಂದ ಸಾವಿರ ಸಲ ಕೆಡವ್ಯಾರ, ಬಿರುಕಿಲ್ಲ.
ಎರಡೂ ಕೂಡಿಸಿ ಕಪಾಟಿನಾಗ ಇಟ್ಟ ಆರನೇ ತಿಂಗಳಿಗೆ
ಪೆನ್ನಿನ ಕಂಡಿಯೊಳಗ ಬಿಳೀ ಎಳಿ ತೇಲಾಕತ್ತಿದ್ವು,
ಹಾಲು ಒಡಿಯೂ ಮುಂಚೆ ಒಂದು ಗಳಿಗಿ ಕಾಣ್ತಾವಲ್ಲ, ಹಂಗ.

ನಿಖತ್ ಅಂತಾಳ: ಗಾಜಿಗೆ ಸವರಿದ ಎಣ್ಣೀದ ಕೆಲಸ.
ಶಿರಗುಪ್ಪಿ ಅಂತಾನ: ಎಣ್ಣಿ ಇಲ್ಲದ ರಬ್ಬರ್ ಜಾರೂದಿಲ್ಲ, ನಿನ್ನ ಔಷಧಾನ ನಾಜೂಕು.
ಇಬ್ಬರದೂ ಖರೆ.
ಇಬ್ಬರ ನಡುವಿನ ಮೂರನೇ ಫೈಲು ನಂದು,
ಅದಕ್ಕಿನ್ನೂ ಕಪಾಟು ಕೊಟ್ಟಿಲ್ಲ.

ಹೋದ ತಿಂಗಳು ಕುಂದಗೋಳದ ದುರ್ಗವ್ವನ ಕೈಯಾಗ ಖಾಲಿ ಪೆನ್ನು ಕೊಟ್ಟು
‘ಹೆಂಗ ಹಿಡೀತೀರಿ, ತೋರಸ್ರಿ’ ಅಂದ್ವಿ.
ಆಕಿ ಸೆರಗು ಸರಿ ಮಾಡಿಕೊಂಡು, ನಮ್ಮ ಕಾಗದ ಹತ್ರ ಎಳಕೊಂಡು
ಸಹಿ ಮಾಡಾಕ ಹ್ವಾದ್ಲು.
‘ಪೆನ್ನು ಅಂದ್ರಲ್ರೀ ನೀವ!’

ಇರ್ಲಿ. ಉಳಿ, ಸುತ್ತಗಿ ತಗೊಂಡು ಕಾಕಾ ಟಿನ್ನು ಒಡದ.
ಮ್ಯಾಲೆ ಮೇಣದಂಥ ಕೊಬ್ಬು, ಕೆಳಗ ನಡುಗೂ ರಸ.
ಇದಕ್ಕ ಮಸಾಲಿ ಮೊದಲ: ಉಳ್ಳಾಗಡ್ಡಿ ಕೆಂಪಗ, ಸುಟ್ಟ ಒಣಕೊಬ್ಬರಿ, ಗಸಗಸಿ,
ಬ್ಯಾಡಗಿ ಖಾರ ಎರಡು ಚಮಚ, ಎಣ್ಣಿ ಬಿಡೂತನಕ.
ಮಾಂಸ ಕಟ್ಟಕಡೀಕ. ಸೌಟು ಆಡಿಸಬಾರದು,
ಬೆಂದದ್ದು ಮತ್ತ ಬೆಂದ್ರ ಎಳಿ ಎಳಿ ಬಿಚ್ಚತೈತಿ.
ಉಪ್ಪು ಹಾಕಬಾರದು. ಒಬ್ಬರು ಮೊದಲ ಹಾಕ್ಯಾರ,
ಅವರ ಕೈ ಅಳತಿ ನಮಗ ಗೊತ್ತಿಲ್ಲ
ಅನ್ನೂದರಾಗ ಅವ್ವ ಒಂದು ಚಿಟಿಗಿ ಒಗದೇ ಬಿಟ್ಲು.

ಕಾಕಾ ರೊಟ್ಟಿ ಮುರದು, ಅದ್ದಿ, ಬಾಯಿಗಿಟ್ಟು ಸುಮ್ಮನ ಕುಂತ.
‘ಅಲ್ಲೆ ಹಿಮದಾಗ ಟಿನ್ನಿನ್ಯಾಗ ಕಾಸಿ ತಿಂತಿದ್ವಿ, ತುಟಿ ಸುಡ್ತಿತ್ತು.
ಚಲೋ ಆಗೈತಿ. ಆದರ ಇದು ಅದಲ್ಲ.’
ಮತ್ತೊಂದು ರೊಟ್ಟಿ ಕೇಳಿದ.

ಸಂಜಿಗೆ ಅವ್ವ ಟಿನ್ನು ತೊಳದ್ಲು. ಬೂದಿ, ಹುಣಸಿಹಣ್ಣು, ಬಿಸಿನೀರು.
ಮೂಗಿಗೆ ಹಿಡದ್ಲು. ನನ್ನ ಮೂಗಿಗೂ ಹಿಡದ್ಲು.
‘ಹೋಗವಲ್ದು ನೋಡು. ಇದು ಮಾಂಸದ ವಾಸನಿಯೋ, ತಗಡಿಂದೋ?’

ನಾಳೆ ಏಳೂಕಾಲಕ್ಕ ಚಿಗರಿ ಬಸ್ಸು, ಒಂಬತ್ತಕ್ಕ ಮೀಟಿಂಗು.
ಉಪ್ಪು ಖರೇನ ಒಂದು ಚೂರು ಹೆಚ್ಚಾಗಿತ್ತು.
ಯಾರೂ ಬಾಯಿ ಬಿಡಲಿಲ್ಲ.