ಒಂದೆಳೆ ಆಚೆ

ಈ ವರ್ಷ ಇದು ಮೂರನೇ ಸಲ. ಮ್ಯಾಗ್ನಸ್ ಸ್ವಾನ್ಸನ್ ಕಿಲ್ಟ್ ತಂದ,
ಕಂದು ಕಾಗದದಲ್ಲಿ ಸುತ್ತಿ, ಮೀನಂಗಡಿಯ ದಾರ ಕಟ್ಟಿ.
ವಿಕ್ ಊರಿನ ಗಾಳಿ ಅವನ ಹಿಂದೆಯೇ ಒಳಗೆ ಬಂತು.
ಬಾಗಿಲು ಹಾಕಪ್ಪಾ ಎಂದೆ.
"ಎಡಗಡೆಯ ನೆರಿಗೆ, ಇಶ್ಬೆಲ್. ಮತ್ತೆ ಎದ್ದಿದೆ."

ಎದ್ದಿತ್ತು, ನಿಜ. ಹಿಂದಿನ ಇಪ್ಪತ್ತಾರು ನೆರಿಗೆ
ಇಸ್ಪೀಟಿನ ಎಲೆಗಳ ಹಾಗೆ ಒಂದರ ಬೆನ್ನಿಗೊಂದು ಒರಗಿದ್ದರೆ
ಕೊನೆಯದೊಂದು ಮಾತ್ರ ಬಾಯ್ದೆರೆದಿತ್ತು.
ಅದರ ಪಕ್ಕದ ಅಂಚೋ, ನಾಯಿಬಾಲ.

"ಕೂರುವಾಗ ಎರಡೂ ಕೈಯಿಂದ ಹಿಂದೆ ಸವರಿಕೊಂಡು ಕೂರಬೇಕು,
ಎಷ್ಟು ಸಲ ಹೇಳಲಿ?"
ಅವನು ಟೋಪಿ ತಿರುಗಿಸುತ್ತ ನಿಂತ.
"ಈಗ ಕೂರುವುದೇ ಇಲ್ಲ" ಎಂದ.
ತಂಗಿಯ ಮಗಳ ಮದುವೆಯೂಟ ಕಿಟಕಿಗೆ ಒರಗಿ ಉಂಡನಂತೆ,
ತಟ್ಟೆ ಕೈಯಲ್ಲೇ, ಸೂಪು ಆರಿಹೋಗುವವರೆಗೆ.

ಬಿಳಿ ದಾರದಲ್ಲಿ ಉದ್ದುದ್ದ ಹೊಲಿದು ನೆರಿಗೆಗಳನ್ನು ಕಟ್ಟಿಹಾಕಿದೆ.
ಒದ್ದೆ ಬಟ್ಟೆ ಹಾಸಿ, ಇಸ್ತ್ರಿಯನ್ನು ಎಳೆಯದೆ ಒತ್ತಿದೆ;
ಎಳೆದರೆ ಉಣ್ಣೆ ಹಿಗ್ಗುತ್ತದೆ, ಹಿಗ್ಗಿದ್ದು ಕುಗ್ಗುವುದಿಲ್ಲ.
ನೀರಿಗೆ ತುಸು ವಿನೆಗರ್. ಕೋಣೆಯೆಲ್ಲ
ನೆನೆದ ಕುರಿಯ ವಾಸನೆ, ತೊಳೆಯದ ಜಾಡಿಯ ವಾಸನೆ.
ಹಲಗೆಯಿಟ್ಟು, ಮೇಲೆ ಗಂಡನ ಬಲೆಯ ಸೀಸದ ಗುಂಡು ಹೇರಿ ಮಲಗಿದೆ.

ಬೆಳಿಗ್ಗೆ ಗುಂಡು ತೆಗೆದೆ. ಸುಮ್ಮನಿತ್ತು.
ಟೀ ಕುಡಿದು ಬಂದು ನೋಡುತ್ತಿರುವಾಗಲೇ
ಮೆಲ್ಲಗೆ, ಬೆಕ್ಕು ಕಿವಿ ಎತ್ತಿದ ಹಾಗೆ, ಎದ್ದಿತು.

ಬೈದೆ. ಸಮುದ್ರದ ತೇವವನ್ನು ಬೈದೆ, ಗಿರಣಿಯನ್ನು ಬೈದೆ,
ವರ್ಷಕ್ಕೊಂದು ತೂತು ದಾಟುವ ಮ್ಯಾಗ್ನಸನ ಬೆಲ್ಟನ್ನು,
ಅವನ ಅಪ್ಪನ ಕಡೆಯವರ ವಾಲುನಡಿಗೆಯನ್ನು.
ಬೈಯಲು ಇನ್ನೇನೂ ಉಳಿಯದಾಗ
ಲೈನಿಂಗ್ ಬಿಚ್ಚಿದೆ.

ಒಳಗೆ ಹತ್ತೊಂಬತ್ತರ ಹುಡುಗಿಯೊಬ್ಬಳ ಕೈ.
ಹೊಲಿಗೆ ಬಿಗಿ, ಅವಸರ; ಗಂಟು ಮೂರು ಸುತ್ತು,
ಒಂದು ಸಾಕೆಂದು ಯಾರು ಹೇಳಿದರೂ ಕೇಳದವಳದು.
ಕೆಂಪು ಗೆರೆ ಹಿಡಿದು ನೆಟ್ಟಗೆ ಇಳಿಯಬೇಕಾದ ಮಡಿಕೆ
ಒಂದೆಳೆ ಆಚೆ ಸರಿದಿದೆ.
ಒಂದೇ ಎಳೆ.
ಕನ್ನಡಕ ಒರೆಸಿ ಮತ್ತೆ ಎಣಿಸಿದೆ.
ಇಂದಿಗೂ ನಾನು ಗಂಟಿಗೆ ಮೂರು ಸುತ್ತೇ ಹಾಕುವುದು.

ನಲವತ್ತಮೂರು ವರ್ಷ.
ಎಷ್ಟು ಮದುವೆ, ಎಷ್ಟು ಹೊಸವರ್ಷದ ರಾತ್ರಿ,
ಎಲ್ಲರೂ ಕುರ್ಚಿ ಎಳೆದುಕೊಳ್ಳುವಾಗ
ಗೋಡೆಯ ಹತ್ತಿರ ನಿಂತ ಆ ಉದ್ದನೆಯ ಮನುಷ್ಯ.

ಬಿಚ್ಚಿ, ಎಳೆಗೆ ಎಳೆ ಕೂಡಿಸಿ, ಸಡಿಲವಾಗಿ ಹೊಲಿದೆ.
ಇಸ್ತ್ರಿಯೇ ಬೇಕಾಗಲಿಲ್ಲ ಎಂದರೆ ಸುಳ್ಳು. ಬೇಕಾಯಿತು,
ಒಮ್ಮೆ.

ಶನಿವಾರ ಬಂದ. ಉಟ್ಟು, ಕನ್ನಡಿಗೆ ಬೆನ್ನು ಮಾಡಿ,
ಕತ್ತು ಹೊರಳಿಸಿ ನೋಡಿದ. "ಎಷ್ಟಾಯಿತು?"
ಹೇಳಬೇಕೆಂದುಕೊಂಡದ್ದು ಗುಂಡುಸೂಜಿಗಳ ಜೊತೆ ಬಾಯಲ್ಲೇ ಇತ್ತು.
ಕಿಟಕಿಯ ಬಳಿಯ ಕುರ್ಚಿಯಿಂದ ಬಟ್ಟೆಚೂರುಗಳನ್ನು ಎತ್ತಿಹಾಕಿ
ಅವನ ಕಡೆಗೆ ನೂಕಿದೆ.
ಸೂಜಿಗಳನ್ನು ಒಂದೊಂದಾಗಿ ತೆಗೆದು
"ಕೂತ್ಕೋ" ಎಂದೆ.
"ಇದನ್ನು ಉಟ್ಟುಕೊಂಡೇ?"
"ಉಟ್ಟುಕೊಂಡೇ. ಸವರಿಕೊಳ್ಳುವುದೂ ಬೇಡ."